ಟ್ರ್ಯಾಲಿ, ಜೆಸಿಬಿ, ಹೈಡ್ರಾ ರಿಪೇರಿ: ಪಾನಾ ಹಚ್ಚೋ ಮುಂಚೆ ಪ್ರೆಶರ್ ಇಳಿಸೋದು ಹೆಂಗ? ಮಾಲಕರು, ಡ್ರೈವರ್‌ಗಳು, ಗ್ಯಾರೇಜಿನವರಿಗೆ ಮಾಹಿತಿ

ಅಫಜಲಪುರ: ರಸ್ತೆ ಪಕ್ಕದ ಗ್ಯಾರೇಜ್ ಮುಂದ ಡಂಪಿಂಗ್ ಟ್ರ್ಯಾಲಿ ಮ್ಯಾಲ ಎತ್ತಿ ನಿಲ್ಲಿಸಿರ್ತಾರ. ಇಂಜಿನ್ ಬಂದ್. ಅದರ ಕೆಳಗ ಮಿಸ್ತ್ರಿ ಅರ್ಧ ಮೈ ಒಳಗ ಹಾಕಿ ಪೈಪಿನ ನಟ್ ಸಡಿಲ ಮಾಡ್ತಿರ್ತಾನ. ಟ್ರ್ಯಾಕ್ಟರ್ ಸೀಟಿನ ಮ್ಯಾಲ ಯಾರದೋ ಸಣ್ಣ ಹುಡುಗ ಕುಂತು ಲಿವರ್ ಜೋಡಿ ಆಟ ಆಡ್ತಿರ್ತಾನ. ಈ ದೃಶ್ಯ ಆಳಂದ, ಅಫಜಲಪುರ, ಜೇವರ್ಗಿ ಯಾವ ಊರಿನ ಬೈಪಾಸ್‌ಗೆ ಹೋದರೂ ಕಾಣ್ತದ. ಮಿಸ್ತ್ರಿಗೆ ಕೇಳಿದರ "ಇಂಜಿನ್ ಬಂದ್ ಮಾಡೀವಲ್ರಿ, ಇನ್ನೇನ್ ಆಗ್ತದ" ಅಂತಾನ.

ಇಂಜಿನ್ ಬಂದ್ ಆದ ಮ್ಯಾಲೂ ಪೈಪಿನ ಒಳಗ ಪ್ರೆಶರ್ ಉಳಿದಿರ್ತದ. ಅದು ಯಾಕ ಉಳೀತದ, ಹೆಂಗ ಇಳಿಸಬೇಕು, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ಇಲ್ಲಿ ಕೊಟ್ಟೀವಿ. ನಮ್ಮ ಮೂರೂ ತಾಲೂಕಿನಾಗ ಈಗ ಹೈಡ್ರಾಲಿಕ್ ಇಲ್ಲದ ಕೆಲಸ ಕಡಿಮೆ. ಮುರುಮ್ ಹೊಡೆಯೋ ಟ್ರ್ಯಾಲಿ, ಮನಿ ಪಾಯಾ ತೋಡೋ ಜೆಸಿಬಿ, ಟ್ರಾನ್ಸ್‌ಫಾರ್ಮರ್ ಮತ್ತು ಪೈಪ್ ಎತ್ತೋ ಹೈಡ್ರಾ ಕ್ರೇನ್, ಹೊಲದಾಗ ಪಲ್ಟಿ ನೇಗಿಲು, ಹತ್ತಿ ಗಂಟು ಕಟ್ಟೋ ಪ್ರೆಸ್, ಹವಳಗಾ, ಭೂಸನೂರ, ಮಳ್ಳಿ ಕಡೆಯ ಸಕ್ಕರೆ ಕಾರ್ಖಾನೆಗಳ ಯಂತ್ರಗಳು, ಕಡೀಗೆ ಪಂಕ್ಚರ್ ಅಂಗಡಿಯ ಬಾಟಲ್ ಜಾಕ್ ಕೂಡ. ಎಲ್ಲದರ ಒಳಗಿರೋದು ಒಂದೇ ವಿದ್ಯೆ.

ಎಣ್ಣಿಯ ತಾಕತ್ತು ಎಷ್ಟು?

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ಕಡೆ ಸಮನಾಗಿ ಹರಡುತ್ತದೆ. ಇದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಹೇಳಿದ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ಸೂತ್ರದ ಮೇಲೆ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ತಗೊಂಡ. ನಮ್ಮ ಊರಿನ ಜಾಕ್ ಅದೇ ವಂಶದ್ದು.

ಲೆಕ್ಕ ಸರಳ ಅದ. ಜೆಸಿಬಿಯಂಥ ಯಂತ್ರದಾಗ ಪ್ರೆಶರ್ 200 ಬಾರ್ ದಾಟ್ತದ. 200 ಬಾರ್ ಅಂದ್ರ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮ್ಯಾಲ, ಅಂದರೆ ಒಂದು ಚದರ ಸೆಂಟಿಮೀಟರ್ ಮ್ಯಾಲ, ಸುಮಾರು 200 ಕೆಜಿ ಭಾರ. ಬೈಕ್ ಟಯರಿಗೆ ನಾವು 30ರ ಆಸುಪಾಸು ಗಾಳಿ ಹಾಕಸ್ತೀವಲ್ಲ, ಅದೇ ಅಳತೀದಾಗ ಹೇಳಿದರೆ ಇದು 2,900. ಹತ್ತಿರ ಹತ್ತಿರ ನೂರು ಪಟ್ಟು. ಒಳಗಿನ ಅಗಲ 10 ಸೆಂಟಿಮೀಟರ್ ಇರೋ ಒಂದು ಸಿಲಿಂಡರಿನ ಕ್ಷೇತ್ರಫಲ ಸುಮಾರು 78 ಚದರ ಸೆಂಟಿಮೀಟರ್. 200 ಬಾರ್‌ನಲ್ಲಿ ಅದು ಒತ್ತೋ ಬಲ 15ರಿಂದ 16 ಟನ್. ತೊಗರಿ ಲೆಕ್ಕದಾಗ ಹೇಳೋದಾದ್ರ 160 ಕ್ವಿಂಟಲ್ ಒಮ್ಮೆಲೇ ಎತ್ತಿ ಹಿಡಿದಂಗ. ಇಷ್ಟು ಬಲವನ್ನ ತಡೆದು ನಿಂತಿರೋದು ಒಂದು ರಬ್ಬರ್ ಪೈಪು ಮತ್ತು ನೀವು ಈಗ ಬಿಚ್ಚಲಿಕ್ಕೆ ಹೊಂಟಿರೋ ಆ ಒಂದು ನಟ್ಟು.

ಇಂಜಿನ್ ಬಂದ್ ಆದರೂ ಪ್ರೆಶರ್ ಯಾಕ ಉಳೀತದ?

ಮೊದಲನೇ ಕಾರಣ ಭಾರ. ಎತ್ತಿ ನಿಲ್ಲಿಸಿದ ಟ್ರ್ಯಾಲಿ, ಬಕೆಟ್, ಬೂಮ್ ತನ್ನ ತೂಕದಿಂದಲೇ ಎಣ್ಣಿಯನ್ನ ಒತ್ತತಿರ್ತದ. ಪಂಪ್ ನಿಂತರೂ ಈ ಒತ್ತುವಿಕೆ ನಿಲ್ಲಂಗಿಲ್ಲ. ಪೈಪ್ ಕಳಚಿದ ಕೂಡಲೇ ಎಣ್ಣಿಗೆ ದಾರಿ ಸಿಗ್ತದ, ಮೇಲಿನ ಭಾರ ಒಂದೆರಡು ಸೆಕೆಂಡಿನಾಗ ಕೆಳಗ ಬರ್ತದ. ಓಡಲಿಕ್ಕೆ ವ್ಯಾಳ್ಯಾ ಸಿಗೋದಿಲ್ಲ.

ಎರಡನೇದು ವಾಲ್. ಎಣ್ಣಿ ಹಿಂದಕ್ಕ ಬರದಂಗ ತಡೆಯೋ ವಾಲ್‌ಗಳು ಇರ್ತಾವ. ಕ್ರೇನ್‌ಗಳಲ್ಲಿ ಪೈಪ್ ಒಡೆದರೂ ಬೂಮ್ ಬೀಳಬಾರದು ಅಂತ ಸಿಲಿಂಡರಿಗೆ ಹಚ್ಚೇ ಒಂದು ವಾಲ್ ಕೂಡಿಸಿರ್ತಾರ. ಕೆಲಸ ಮಾಡುವಾಗ ಇದು ಜೀವ ಉಳಿಸ್ತದ. ರಿಪೇರಿ ಮಾಡುವಾಗ ಮಾತ್ರ ಇದೇ ಮೋಸ ಮಾಡ್ತದ. ಪಂಪಿನ ಕಡೆ ಮೀಟರ್ ಸೊನ್ನೆ ತೋರಿಸ್ತಿರ್ತದ, ವಾಲ್ ಆಚೆ ಸಿಲಿಂಡರಿನಾಗ ಪೂರ್ತಿ ಪ್ರೆಶರ್ ಕುಂತಿರ್ತದ. ಮೀಟರ್ ಯಾವ ಕಡೆಯದು ಅಂತ ನೋಡದೇ ಸೊನ್ನೆ ನಂಬಬಾರದು.

ಮೂರನೇದು ನಮ್ಮ ಬಿಸಿಲು. ಇದನ್ನ ಬ್ಯಾರೆ ಊರಿನವರು ಲೆಕ್ಕಕ್ಕ ಹಿಡಿಯಂಗಿಲ್ಲ, ಕಲಬುರಗಿ ಜಿಲ್ಲೆಯವರು ಹಿಡೀಲೇಬೇಕು. ಎಣ್ಣಿ ಕಾದರೆ ಹಿಗ್ಗತದ. ಎರಡೂ ಕಡೆ ಮುಚ್ಚಿಕೊಂಡ ಸಿಲಿಂಡರಿನಾಗ ಹಿಗ್ಗಲಿಕ್ಕೆ ಜಾಗ ಇಲ್ಲದಿದ್ದರೆ ಒಂದೊಂದು ಡಿಗ್ರಿಗೆ ಸುಮಾರು 10 ಬಾರ್ ತನಕ ಪ್ರೆಶರ್ ಏರಬಹುದು. ರಬ್ಬರ್ ಪೈಪು ಸ್ವಲ್ಪ ಉಬ್ಬೋದರಿಂದ ಖರೇ ಲೆಕ್ಕ ಇದಕ್ಕಿಂತ ಕಮ್ಮಿ ಬರ್ತದ. ಆದರೂ ಮುಂಜಾನೆ ತಣ್ಣಗ ಇದ್ದ ಯಂತ್ರ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡಕ್ಕೆ ಅದೇ ಯಂತ್ರ ಅಲ್ಲ.

ನಾಲ್ಕನೇದು ಅಕ್ಯುಮುಲೇಟರ್. ಗುಂಡಗ ಅಥವಾ ಸಿಲಿಂಡರ್ ಆಕಾರದ ಡಬ್ಬಿ, ಒಳಗ ನೈಟ್ರೋಜನ್ ಗ್ಯಾಸು. ಒತ್ತಿದ ಸ್ಪ್ರಿಂಗ್ ಇದ್ದಂಗ. ಸಕ್ಕರೆ ಕಾರ್ಖಾನೆಯ ಗಾಣದಾಗ ಮೇಲಿನ ರೋಲರ್ ಕಬ್ಬನ್ನ ಒತ್ತಿ ಹಿಡಿಯೋದು ಇದರಿಂದ. ಕೆಲವು ದೊಡ್ಡ ಲೋಡರ್‌ಗಳಲ್ಲೂ ಇರ್ತದ. ಇದರ ಬಗ್ಗೆ ಮುಂದೆ ಹೇಳ್ತೀವಿ.

ಬಿಸಿಲಿಗೆ ಕಪ್ಲರ್ ಕೂಡಂಗಿಲ್ಲ, ಏನು ಮಾಡೋದು?

ರೈತರು ಹೆಚ್ಚಾಗಿ ಕೇಳೋದು ಇದೇ ಪ್ರಶ್ನೆ, ಅದಕ್ಕ ಮೊದಲು ಇದನ್ನೇ ತಗೋತೀವಿ. ಮುಂಜಾನೆ ಟ್ರ್ಯಾಲಿ ಅಥವಾ ಪಲ್ಟಿ ನೇಗಿಲು ಬಿಚ್ಚಿ ಹೊಲದಾಗ ಬಿಟ್ಟಿರ್ತೀರಿ. ಮಧ್ಯಾಹ್ನ ಮತ್ತ ಟ್ರ್ಯಾಕ್ಟರಿಗೆ ಪೈಪ್ ಹಚ್ಚಲಿಕ್ಕೆ ಹೋದರ ಕಪ್ಲರ್ ಒಳಗ ಹೋಗಂಗಿಲ್ಲ. ಒಳಗಿನ ಎಣ್ಣಿ ಕಾದು ತುದಿಯ ಸಣ್ಣ ಗುಂಡನ್ನ ಹೊರಗ ಒತ್ತಿ ಹಿಡಿದಿರ್ತದ. ಆಗ ನಮ್ಮವರು ಮಾಡೋ ಕೆಲಸ ಎರಡು. ಒಂದು, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗಿಲಿಂದ ಗುಂಡಿನ ಮ್ಯಾಲ ಹೊಡೆಯೋದು. ಇನ್ನೊಂದು, ಕಪ್ಲರ್ ಹಿಂದಿನ ನಟ್ ಸಡಿಲ ಮಾಡಿ ಎಣ್ಣಿ ಚಿಮ್ಮಿಸೋದು. ಎರಡರಾಗೂ ಎಣ್ಣಿ ನೇರ ಕೈಗೆ, ಕಣ್ಣಿಗೆ ಬರ್ತದ.

ಸರಿಯಾದ ದಾರಿ ಬಿಚ್ಚೋ ಹೊತ್ತಿನಾಗ ಅದ, ಹಚ್ಚೋ ಹೊತ್ತಿನಾಗ ಅಲ್ಲ. ಟ್ರ್ಯಾಲಿ ಪೂರಾ ಕೆಳಗ ಕೂಡಲಿ, ನೇಗಿಲು ನೆಲಕ್ಕ ತಾಗಲಿ. ಇಂಜಿನ್ ಬಂದ್ ಮಾಡಿ. ನಂತರ ಲಿವರನ್ನ ಇಳಿಸೋ ಕಡೆಗೆ ಒತ್ತಿ ಹಿಡೀರಿ. ಪಲ್ಟಿ ನೇಗಿಲಿಗೆ ಎರಡು ಪೈಪ್ ಇರೋದರಿಂದ ಲಿವರನ್ನ ಎರಡೂ ಕಡೆ ನಾಲ್ಕೈದು ಸಲ ಆಡಿಸಬೇಕು. ಆಮೇಲೆ ಕಪ್ಲರ್ ಬಿಚ್ಚಿ ಕ್ಯಾಪ್ ಹಾಕಿ ಪೈಪನ್ನ ನೆಳ್ಳಿಗೆ ಇಡಬೇಕು. ಇಷ್ಟು ಮಾಡಿದರೆ ಮಧ್ಯಾಹ್ನ ತಕರಾರು ಬರೋದು ಬಹಳ ಕಮ್ಮಿ.

ಮರ್ತು ಹಂಗೇ ಬಿಚ್ಚಿದ್ರ? ಹಸಿ ಗೋಣಿಚೀಲ ಸಿಲಿಂಡರ್ ಮ್ಯಾಲ, ಪೈಪಿನ ಮ್ಯಾಲ ಹೊದಿಸಿ ಅರ್ಧ ತಾಸು ಬಿಡ್ರಿ. ಎಣ್ಣಿ ತಣ್ಣಗಾದಂಗ ಗುಂಡು ಸಡಿಲ ಆಗ್ತದ. ಅರ್ಧ ತಾಸು ಹೋಯ್ತು ಅಂತ ಬ್ಯಾಸರ ಬ್ಯಾಡ. ಪ್ರೆಶರ್ ಇದ್ದಾಗಲೂ ಕೂಡಿಕೊಳ್ಳೋ ತರಹದ ಕಪ್ಲರ್‌ಗಳು ಮಾರ್ಕೆಟಿನಾಗ ಸಿಗ್ತಾವ, ರೇಟು ಜಾಸ್ತಿ. ದಿನಾ ಬಿಚ್ಚಿ ಹಚ್ಚೋರಿಗೆ ತಗೊಂಡರೆ ಲಾಭ ಅದ ಅಂತ ನಮ್ಮ ಅಭಿಪ್ರಾಯ.

ಡಂಪಿಂಗ್ ಟ್ರ್ಯಾಲಿ ಕೆಳಗ ಹೋಗೋ ಮುಂಚೆ

ಟ್ರ್ಯಾಲಿ ರಿಪೇರಿಗೆ ಸಾಧ್ಯ ಆದಷ್ಟು ಮಟ್ಟಿಗೆ ಡಾಲಾ ಕೆಳಗ ಇಳಿಸೇ ಕೆಲಸ ಮಾಡಬೇಕು. ಆದರ ಸಿಲಿಂಡರಿನ ಸೀಲ್ ಕಿಟ್ ಬದಲಿಸಬೇಕು, ಪಿನ್ನಿಗೆ ಗ್ರೀಸ್ ಹೊಡೀಬೇಕು ಅಂದರ ಎತ್ತಲೇಬೇಕಾಗ್ತದ. ಎತ್ತುವ ಮುಂಚೆ ಒಳಗಿನ ಮಾಲು ಖಾಲಿ ಇರಬೇಕು. ಅರ್ಧ ಟ್ರ್ಯಾಲಿ ಮುರುಮ್ ಇಟ್ಟುಕೊಂಡು ರಿಪೇರಿಗೆ ತರೋರು ಅದಾರ, ಅಂಥ ಗಿರಾಕಿಗೆ ಗ್ಯಾರೇಜಿನವರು ಮೊದಲು ಖಾಲಿ ಮಾಡ್ಕೊಂಡು ಬಾ ಅಂತ ವಾಪಸ್ ಕಳಿಸಬೇಕು.

ಎತ್ತಿದ ಮ್ಯಾಲ ಚಾಸಿಗೂ ಡಾಲಾಕ್ಕೂ ನಡುವೆ ಗಟ್ಟಿ ಆಧಾರ ಕೊಡಬೇಕು. ಕೆಲವು ಟ್ರ್ಯಾಲಿಗಳಿಗೆ ತಯಾರಕರೇ ಕಬ್ಬಿಣದ ಊರುಗೋಲು ಕೂಡಿಸಿರ್ತಾರ, ಅದು ತುಕ್ಕು ಹಿಡಿದು ಚಾಸಿಗೆ ಅಂಟಿಕೊಂಡಿರ್ತದ, ಯಾರೂ ಮುಟ್ಟಿರಂಗಿಲ್ಲ. ಇಲ್ಲದವರು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಚಾನಲ್‌ದು ಮಾಡಿಸ್ಕೊಳ್ಳಬಹುದು, ಎರಡೂ ತುದಿ ಜಾರದಂಗ ಗಾಳಿ ಇರಬೇಕು. ಆಧಾರ ಕೊಟ್ಟ ಮ್ಯಾಲ ಇಂಜಿನ್ ಬಂದ್ ಮಾಡಿ, ಲಿವರನ್ನ ನಿಧಾನ ಇಳಿಸೋ ಕಡೆ ಒತ್ತಿ ಡಾಲಾದ ಭಾರ ಪೂರಾ ಆ ಆಧಾರದ ಮ್ಯಾಲ ಬರೋ ಹಂಗ ಮಾಡಬೇಕು. ಇದು ಮುಖ್ಯ. ಭಾರ ಎಣ್ಣಿ ಮ್ಯಾಲೇ ಇದ್ದು ಊರುಗೋಲು ಬರೀ ಹೆಸರಿಗೆ ನಿಂತಿದ್ದರೆ, ಪೈಪ್ ಬಿಚ್ಚಿದಾಗ ಡಾಲಾ ಜಟಕಾ ಹೊಡೆದು ಕೂಡ್ತದ, ಆ ಜಟಕಾಕ್ಕೆ ಊರುಗೋಲು ಹಾರ್ತದ.

ಇಲ್ಲಿ ನಮ್ಮ ನೆಲದ ಎರಡು ಮಾತು. ನಮ್ಮದು ಎರಿ ಭೂಮಿ. ಒಣಗಿದ್ದಾಗ ಕಲ್ಲಿನಂಗ, ಒಂದು ಮಳಿ ಬಿದ್ದರೆ ಬೆಣ್ಣಿ. ಜಾಕ್ ಆಗಲಿ, ಜೆಸಿಬಿ ಕಾಲು ಆಗಲಿ ಎರಿ ಮ್ಯಾಲ ನೇರ ಇಟ್ಟರೆ ಒಂದು ಕಡೆ ಮುಳುಗಿ ಯಂತ್ರ ವಾಲತದ. ದಪ್ಪ ಕಟ್ಟಿಗಿ ದಿಮ್ಮಿ ಅಥವಾ ಕಬ್ಬಿಣದ ಪ್ಲೇಟ್ ಕೆಳಗ ಹಾಕಬೇಕು. ಎರಡನೇದು ಫರಸಿ. ಕೈಗೆ ಸಿಗ್ತದ ಅಂತ ಶಹಾಬಾದ್ ಫರಸಿ ತುಂಡುಗಳನ್ನ ಒಂದರ ಮ್ಯಾಲ ಒಂದು ಪೇರಿಸಿ ಜಾಕ್ ಕೆಳಗ, ಡಾಲಾ ಕೆಳಗ ಇಡೋ ಚಾಳಿ ಬಹಳ ಕಡೆ ಅದ. ಫರಸಿ ಹಾಸಲಿಕ್ಕೆ ಚಲೋ. ಆದರ ಪದರ ಪದರ ಇರೋ ಕಲ್ಲು ಅದು, ಒಂದು ಮೂಲಿ ಮ್ಯಾಲ ಭಾರ ಬಿದ್ದರ ಸೂಚನೆ ಇಲ್ಲದೇ ಪಟ್ ಅಂತ ಒಡೀತದ. ಇಟ್ಟಂಗಿ, ಸಿಮೆಂಟ್ ಬ್ಲಾಕ್ ಕೂಡ ಅದೇ ಜಾತಿ.

ಜೆಸಿಬಿ ಆದ್ರ

ಗಟ್ಟಿ, ಸಪಾಟ ನೆಲದ ಮ್ಯಾಲ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಬೇಕು. ಮುಂದಿನ ಬಕೆಟ್ ನೆಲಕ್ಕೆ, ಹಿಂದಿನ ಬಕೆಟ್ಟೂ ನೆಲಕ್ಕೆ. ತೇಲಿಸಿ ಇಡಬಾರದು, ಪೂರಾ ಕುಂತಿರಬೇಕು. ಗಾಲಿಗೆ ಕಲ್ಲು. ಇಂಜಿನ್ ಬಂದ್. ಆಮೇಲೆ ಪ್ರತಿಯೊಂದು ಲಿವರನ್ನ ಎಲ್ಲಾ ದಿಕ್ಕಿಗೂ ನಾಲ್ಕೈದು ಸಲ ಆಡಿಸಬೇಕು. ಒಳಗ ಉಳಿದ ಪ್ರೆಶರ್ ಟ್ಯಾಂಕಿಗೆ ವಾಪಸ್ ಹೋಗೋದು ಹಿಂಗ. ಹೊಸ ಮಾಡಲ್‌ಗಳಲ್ಲಿ ಲಿವರ್ ಕರೆಂಟ್ ಮ್ಯಾಲ ಕೆಲಸ ಮಾಡ್ತಾವ, ಅಂಥವುಗಳಲ್ಲಿ ಇಂಜಿನ್ ಬಂದ್ ಇದ್ದು ಕೀಲಿ ಮಾತ್ರ ಆನ್ ಇರಬೇಕು, ಇಲ್ಲದಿದ್ದರ ಲಿವರ್ ಆಡಿಸಿದರೂ ಒಳಗಿನ ವಾಲ್ ತೆರೆಯಂಗಿಲ್ಲ. ನಿಮ್ಮ ಮಾಡಲ್ ಯಾವುದು ಅನ್ನೋದು ಯಂತ್ರದ ಜೋಡಿ ಕೊಟ್ಟ ಪುಸ್ತಕದಾಗ ಇರ್ತದ. ಆ ಪುಸ್ತಕ ಸೀಟಿನ ಹಿಂದ ಪ್ಲಾಸ್ಟಿಕ್ ಚೀಲದಾಗ ಹಂಗೇ ಇರ್ತದ, ಚಿತ್ರ ನೋಡಿದರೂ ತಿಳೀತದ.

ನಂತರ ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳ. ಒಮ್ಮೆಲೇ ತಿರುವಿ ತೆಗೀಬಾರದು. ಸ್ವಲ್ಪ ಸಡಿಲ ಮಾಡಿ, 'ಸುಸ್' ಅನ್ನೋ ಗಾಳಿ ಪೂರಾ ಹೋಗೋ ತನಕ ತಡೆದು, ಆಮೇಲೆ ತೆಗೀರಿ. ಕೆಲಸ ಮಾಡಿ ಬಂದ ಯಂತ್ರದ ಎಣ್ಣಿ ಕುದೀತಿರ್ತದ, ಚರ್ಮ ಸುಡ್ತದ. ಒಂದು ತಾಸು ಬಿಟ್ಟು ಕೈ ಹಾಕೋದು ಚಲೋ. ಇಷ್ಟೆಲ್ಲಾ ಆದ ಮ್ಯಾಲೂ ನಟ್ ಬಿಚ್ಚುವಾಗ ಅರ್ಧ ಸುತ್ತು ಮಾತ್ರ ತಿರುವಿ ನಿಲ್ಲಬೇಕು. ಮಾರಿ ಒಂದು ಕಡೆ ಸರಿಸಿ, ಕಣ್ಣಿಗೆ ಚಷ್ಮಾ ಇರಲಿ. ಎಣ್ಣಿ ಬರೀ ಜಿನುಗಿ ನಿಂತರೆ ಸರಿ. ಚಿಮ್ಮತಿದ್ದರೆ ಪ್ರೆಶರ್ ಇನ್ನೂ ಅದ ಅಂತ ಅರ್ಥ, ವಾಪಸ್ ಬಿಗಿ ಮಾಡಿ ಮತ್ತೊಮ್ಮೆ ಮೊದಲಿನಿಂದ.

ಮುಂದಿನ ತೋಳು ಎತ್ತಿ ಕೆಲಸ ಮಾಡಲೇಬೇಕಾದರೆ ಸಿಲಿಂಡರಿನ ರಾಡ್ ಮ್ಯಾಲ ಕೂಡಿಸೋ ಸೇಫ್ಟಿ ಸ್ಟ್ರಟ್ ಅಂತ ಬರ್ತದ, ಕಬ್ಬಿಣದ ದಪ್ಪ ಪಟ್ಟಿ. ಅದನ್ನ ಹಾಕಿ ಪಿನ್ ಹೊಡೆದು, ತೋಳನ್ನ ನಿಧಾನ ಇಳಿಸಿ ಅದರ ಮ್ಯಾಲ ಕೂಡಿಸಬೇಕು. ಸೆಕೆಂಡ್ ಹ್ಯಾಂಡ್ ಜೆಸಿಬಿ ತಗೊಳ್ಳೋರು ಇಂಜಿನ್, ಟಯರ್ ಎಲ್ಲಾ ನೋಡ್ತಾರ, ಈ ಸ್ಟ್ರಟ್ ಅದನೋ ಇಲ್ಲೋ ಕೇಳೋದಿಲ್ಲ. ಗುಜರಿಗೆ ಹಾಕಿರ್ತಾರ ಎಷ್ಟೋ ಜನ.

ಇನ್ನೊಂದು, ಕೀಲಿ. ಕೆಲಸ ಮಾಡೋ ಮಿಸ್ತ್ರಿಯ ಕಿಸೆದಾಗೇ ಯಂತ್ರದ ಕೀಲಿ ಇರಬೇಕು, ಡ್ರೈವರ್ ಹತ್ತಿರ ಅಲ್ಲ, ಮಾಲಕರ ಹತ್ತಿರ ಅಲ್ಲ. ಕ್ಯಾಬಿನ್ ಬಾಗಲಾ ಹಾಕಿ ಸ್ಟೇರಿಂಗಿಗೆ ಕೆಂಪು ಅರಿವಿ ಕಟ್ಟಿದರೆ ಒಳಗ ಮನುಷ್ಯಾ ಅದಾನ ಅಂತ ಎಲ್ಲರಿಗೂ ತಿಳೀತದ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕ ಲಾಕ್‌ಔಟ್ ಅಂತ ಬೀಗ ಹಾಕೋ ಪದ್ಧತಿನೇ ಅದ. ನಮ್ಮ ಗ್ಯಾರೇಜಿಗೆ ಒಂದು ಅರಿವಿ ತುಂಡು ಸಾಕು. "ಸ್ವಲ್ಪ ಎತ್ತು, ಸ್ವಲ್ಪ ಇಳಿಸು" ಅಂತ ಒಬ್ಬರು ಕೆಳಗ ಮಲಗಿ ಇನ್ನೊಬ್ಬರಿಗೆ ಲಿವರ್ ಹಿಡಿಸೋದು ಪೂರಾ ಬಂದ್ ಆಗಬೇಕು. ಇಂಜಿನ್ ಸಪ್ಪಳದಾಗ ಎತ್ತು ಅಂದದ್ದು ಇಳಿಸು ಅಂತ ಕೇಳಿಸಿದ್ರ ಏನಾಗ್ತದ ವಿಚಾರ ಮಾಡ್ರಿ.

ಹೈಡ್ರಾ ಕ್ರೇನ್

ಹೈಡ್ರಾಕ್ಕ ಲಿವರ್ ಆಡಿಸೋ ಉಪಾಯ ಪೂರಾ ನಡಿಯಂಗಿಲ್ಲ. ಮೊದಲೇ ಹೇಳಿದಂಗ ಬೂಮ್ ಸಿಲಿಂಡರಿಗೆ ಭಾರ ಹಿಡಿಯೋ ವಾಲ್ ಇರ್ತದ, ಇಂಜಿನ್ ಬಂದ್ ಇದ್ದಾಗ ಲಿವರ್ ಎಷ್ಟು ಆಡಿಸಿದರೂ ಅದು ಬಿಡಂಗಿಲ್ಲ. ಅದಕ್ಕ ಹುಕ್ಕಿನ ಭಾರ ನೆಲಕ್ಕೆ ಇಳಿಸಿ, ಬೂಮ್ ಒಳಗ ಎಳಕೊಂಡು, ಪೂರಾ ಕೆಳಗ ಅದರ ಜಾಗಕ್ಕೆ ಕೂಡಿಸಿದ ಮ್ಯಾಲೇ ಕೈ ಹಾಕಬೇಕು. ಬೂಮ್ ಮ್ಯಾಲೇ ಸಿಕ್ಕಿಬಿದ್ದರೆ? ಆ ವಾಲಿನ ಸ್ಕ್ರೂ ತಿರುವಿ ಇಳಿಸ್ತೀನಿ ಅಂತ ಹೋಗೋ ಶ್ಯಾಣ್ಯಾ ಮಿಸ್ತ್ರಿಗಳು ಅದಾರ. ಬ್ಯಾಡ. ಇನ್ನೊಂದು ಕ್ರೇನ್ ತರಿಸಿ ಬೂಮಿಗೆ ಆಧಾರ ಕೊಟ್ಟು, ಕಂಪನಿ ಸರ್ವಿಸಿನವರಿಗೆ ಫೋನ್ ಹಚ್ಚಬೇಕು. ಒಂದು ದಿನದ ಬಾಡಿಗಿ ಹೋಗ್ತದ, ಹೋಗ್ಲಿ.

ಕಾರ್ಖಾನೆ ಕೆಲಸಕ್ಕ ಹೋಗೋ ಹುಡುಗರಿಗೆ

ಕಬ್ಬು ನುರಿಸೋದು ನಿಂತ ಮ್ಯಾಲ ಬ್ಯಾಸಿಗಿ, ಮಳಿಗಾಲದಾಗ ಸಕ್ಕರೆ ಕಾರ್ಖಾನೆಗಳಲ್ಲಿ ಯಂತ್ರ ಬಿಚ್ಚಿ ಜೋಡಿಸೋ ಕೆಲಸ ನಡೀತದ. ನಮ್ಮ ಹಳ್ಳಿಗಳ ಐಟಿಐ ಮುಗಿಸಿದ ಹುಡುಗರು, ಮುಗಿಸದೇ ಇದ್ದವರೂ, ಗುತ್ತಿಗೆದಾರರ ಕಡೆಯಿಂದ ಹೋಗ್ತಾರ. ಗಾಣದ ಹೈಡ್ರಾಲಿಕ್‌ನಾಗ ಅಕ್ಯುಮುಲೇಟರ್ ಇರ್ತಾವ. ಪಂಪ್ ಬಂದ್ ಆಗಿ ಎಷ್ಟೋ ದಿನ ಆದರೂ ಒಳಗಿನ ನೈಟ್ರೋಜನ್ ಎಣ್ಣಿಯನ್ನ ಒತ್ತಿಕೊಂಡೇ ಇರ್ತದ. ಎಣ್ಣಿ ಕಡೆಯ ಬ್ಲೀಡ್ ವಾಲ್ ನಿಧಾನ ತೆರೆದು, ಎಣ್ಣಿ ಟ್ಯಾಂಕಿಗೆ ಹೋಗಿ, ಅದೇ ಕಡೆಯ ಮೀಟರ್ ಸೊನ್ನೆ ಬಂದ ಮ್ಯಾಲೇ ಪೈಪ್ ಬಿಚ್ಚಬೇಕು. ಎಣ್ಣಿ ಖಾಲಿ ಆದ ಮ್ಯಾಲೂ ಗ್ಯಾಸು ಒಳಗ ಇದ್ದೇ ಇರ್ತದ, ಅದನ್ನ ಬಿಡಿಸೋದು, ತುಂಬೋದು ಅದಕ್ಕಂತ ಕಲಿತವರ ಕೆಲಸ. ನೈಟ್ರೋಜನ್ ಸಿಲಿಂಡರ್ ಇಲ್ಲಂತ ವೆಲ್ಡಿಂಗಿನ ಆಕ್ಸಿಜನ್ ತುಂಬಿದರೆ ಎಣ್ಣಿ ಜೋಡಿ ಕೂಡಿ ಸ್ಫೋಟ ಆಗ್ತದ. ಅಕ್ಯುಮುಲೇಟರ್ ಮೈಗೆ ವೆಲ್ಡಿಂಗ್ ಹೊಡೆಯೋದೂ ಅಷ್ಟೇ ಅಪಾಯ.

ಗುತ್ತಿಗೆದಾರ "ಲಗೂ ಬಿಚ್ಚು" ಅಂದರ ಪ್ರೆಶರ್ ಇಳಿಸೀರೇನು, ಯಾರು ಇಳಿಸ್ಯಾರ, ಮೀಟರ್ ಎಲ್ಲದ ಅಂತ ಕೇಳೋ ಹಕ್ಕು ನಿಮಗದ. ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನ ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪೂರ್ತಿ ಪರೀಕ್ಷೆ ಮಾಡಿಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲೇ ಬರೆದಿದ್ದರು. ಕೆಲಸದ ವೇಳೆ ಗಾಯ ಆದರೆ ಮಾಲಕರು ಪರಿಹಾರ ಕೊಡಬೇಕು ಅನ್ನೋ ಕಾನೂನು ಇನ್ನೂ ಹಳೇದು, 1923ರದ್ದು. ಈ ಹಳೆ ಕಾಯ್ದೆಗಳ ಜಾಗಕ್ಕೆ ಈಗ ಹೊಸ ಕಾರ್ಮಿಕ ಸಂಹಿತೆಗಳು ಬಂದಾವ, ಆದರ ಹೊಣೆ ಮಾಲಕರದ್ದೇ.

ಮುಳ್ಳು ಚುಚ್ಚಿದಂಗ ಕಾಣೋ ಗಾಯ

ಈ ಲೇಖನ ಬರೀಬೇಕು ಅಂತ ನನಗ ಅನಿಸಿದ್ದು ನಮ್ಮ ಮಾಮಾನ ಕೈ ನೋಡಿ. ಮಾಮಾ ಹಿಂದ ಟ್ರ್ಯಾಕ್ಟರ್ ಹೊಡೀತಿದ್ದ. ಒಂದಿನ ಪೈಪ್ ಎಲ್ಲೋ ಸೋರ್ತದ ಅಂತ ಇಂಜಿನ್ ಚಾಲೂ ಇಟ್ಟು, ಪೈಪಿನ ಉದ್ದಕ್ಕೂ ಬೆರಳು ಆಡಿಸಿ ನೋಡ್ಯಾನ. ತೋರುಬೆರಳಿಗೆ ಚುಚ್ಚಿದಂಗಾತು. ರಕ್ತ ಒಂದು ಹನಿ. ಜಾಲಿ ಮುಳ್ಳು ನಟ್ಟಂಗ ಒಂದು ಚುಕ್ಕಿ. ನೋವೂ ಅಷ್ಟಿರಲಿಲ್ಲ. ಅರಿಷಿಣ ಹಚ್ಚಿಕೊಂಡು ಸಂಜಿ ತನಕ ಟ್ರಿಪ್ ಹೊಡೆದ. ರಾತ್ರಿ ಬೆರಳು ಬದನಿಕಾಯಿ ಆತು. ಮರುದಿನ ಮಧ್ಯಾಹ್ನ ಕಲಬುರಗಿಗೆ ಹೋಗೋ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಅರ್ಧ ಬೆರಳು ತೆಗೀಬೇಕಾತು. ನಾನು ಆಗ ಹೈಸ್ಕೂಲಿನಾಗ ಇದ್ದೆ. "ಎಣ್ಣಿ ಹೆಂಗ ಬೆರಳು ತಿಂತದ" ಅಂತ ಯಾರಿಗೂ ತಿಳಿದಿರಲಿಲ್ಲ.

ಸೂಜಿ ಮೊನೆಯಷ್ಟು ತೂತಿನಿಂದ ಬರೋ ಎಣ್ಣಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ, ಮಂಜಿನಂಗ ಇರ್ತದ. 7 ಬಾರ್‌ನಷ್ಟು ಪ್ರೆಶರ್ ಇದ್ದರೂ ಚರ್ಮ ತೂರಿ ಹೋಗಬಲ್ಲದು ಅಂತ ವೈದ್ಯಕೀಯ ಬರಹಗಳಲ್ಲಿ ಅದ. ನಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಅದರ ಇಪ್ಪತ್ತು ಪಟ್ಟು ದಾಟ್ತದ. ಒಳಗ ಹೋದ ಎಣ್ಣಿ ಬೆರಳಿನ ನರ, ಸ್ನಾಯು ಹಿಡಕೊಂಡು ಅಂಗೈ ತನಕ ಹರಡ್ತದ, ಅಲ್ಲಿ ರಕ್ತ ಓಡಾಟ ನಿಲ್ಲಸ್ತದ. ಹೊರಗ ಚುಕ್ಕಿ, ಒಳಗ ನಾಶ.

ಸೋರಿಕೆ ಹುಡುಕಲಿಕ್ಕೆ ಕೈ ಬ್ಯಾಡ. ಒಂದು ರಟ್ಟಿನ ತುಂಡನ್ನ ಉದ್ದ ಕಟ್ಟಿಗಿಗೆ ಸಿಗಿಸಿ, ದೂರ ನಿಂತು ಪೈಪಿನ ಹತ್ತಿರ ಆಡಿಸಿದರೆ ರಟ್ಟು ತೊಯ್ತದ, ಜಾಗ ಸಿಗ್ತದ. ಕಿರಾಣಿ ಅಂಗಡಿಯಾಗ ಖಾಲಿ ಬಾಕ್ಸ್ ಕೇಳಿದರೆ ಪುಕ್ಕಟ ಕೊಡ್ತಾರ. ಕೈಗವಸು ಹಾಕೊಂಡೀನಿ ಅಂತ ಧೈರ್ಯ ಮಾಡಬಾರದು, ಈ ಪ್ರೆಶರಿಗೆ ಕೈಗವಸು ತಡಿಯಂಗಿಲ್ಲ.

ಎಣ್ಣಿ ಚುಚ್ಚೇ ಬಿಟ್ಟರೆ ನೋವು ಬರೋ ತನಕ ಕಾಯಬಾರದು. ಹಿಚುಕಬಾರದು, ಬಿಸಿನೀರು ಹಾಕಬಾರದು, ಬಿಗಿಯಾಗಿ ದಾರ ಕಟ್ಟಬಾರದು. ಉಂಗುರ ಇದ್ದರೆ ತೆಗೆದು ಕೈ ಮ್ಯಾಲ ಎತ್ತಿ ಹಿಡಿದು ಹೊಂಡಬೇಕು. ಆಪರೇಷನ್ ಬೇಕಾಗಬಹುದು, ಅದಕ್ಕ ದಾರಿಯಾಗ ಚಹಾ, ತಿಂಡಿ ಏನೂ ಬ್ಯಾಡ. ಮೊದಲಿನ ಆರು ತಾಸಿನೊಳಗ ಶಸ್ತ್ರಚಿಕಿತ್ಸೆ ಆದಷ್ಟೂ ಬೆರಳು ಉಳಿಯೋ ಆಸೆ ಹೆಚ್ಚು. ಆಳಂದದಿಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ., ಅಫಜಲಪುರದಿಂದ ಸುಮಾರು 60. ಹಳ್ಳಿಯಿಂದ ಹೊಂಟರೂ ಆರು ತಾಸಿನಾಗ ಮುಟ್ಟಬಹುದು, ಮನಿಯಾಗ ಕುಂತರ ಮಾತ್ರ ಆಗಂಗಿಲ್ಲ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿ ಹಿಡೀರಿ. ಡಾಕ್ಟರಿಗೆ ಮುಳ್ಳು ಚುಚ್ಚ್ಯದ, ಕಬ್ಬಿಣ ತಾಕ್ಯದ ಅನ್ನಬ್ಯಾಡ್ರಿ. "ಹೈ ಪ್ರೆಶರ್ ಹೈಡ್ರಾಲಿಕ್ ಎಣ್ಣಿ ಒಳಗ ಹೋಗ್ಯದ" ಅಂತ ಇದೇ ಮಾತು ಹೇಳ್ರಿ, ಎಣ್ಣಿ ಡಬ್ಬಿಯ ಲೇಬಲ್ ಫೋಟೋ ಮೊಬೈಲಿನಾಗ ತೋರಿಸ್ರಿ. ಸಣ್ಣ ಗಾಯ ನೋಡಿ ಯಾರಾದರೂ ಇಂಜೆಕ್ಷನ್ ಕೊಟ್ಟು ಕಳಿಸಲಿಕ್ಕೆ ಹೊಂಟರೆ ಸರ್ಜನ್ ನೋಡಲಿ ಅಂತ ವಿನಂತಿ ಮಾಡ್ಕೊಳ್ರಿ. ಜಿಲ್ಲೆಯವರಿಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಅದ.

ಪಂಕ್ಚರ್ ಅಂಗಡಿ, ವಾಷಿಂಗ್ ಸೆಂಟರ್

ಬಾಟಲ್ ಜಾಕ್ ಎತ್ತಲಿಕ್ಕೆ ಮಾತ್ರ, ಹಿಡಕೊಂಡು ನಿಲ್ಲಲಿಕ್ಕೆ ಅಲ್ಲ. ಒಳಗಿನ ಸೀಲ್ ಯಾವಾಗ ಬಿಡ್ತದ ಹೇಳಲಿಕ್ಕೆ ಬರೋದಿಲ್ಲ. ಎತ್ತಿದ ಕೂಡಲೇ ಆಕ್ಸೆಲ್ ಕೆಳಗ ಸ್ಟ್ಯಾಂಡ್ ಇಟ್ಟು, ಭಾರ ಅದರ ಮ್ಯಾಲ ಬಿಟ್ಟು, ಆಮೇಲೆ ಕೆಳಗ ಕೈ ಹಾಕಬೇಕು. ಇಳಿಸುವಾಗ ಸ್ಕ್ರೂ ಒಂದೇ ಸಲ ಪೂರಾ ತೆರೀಬಾರದು. ವಾಷಿಂಗ್ ಸೆಂಟರಿನ ಲಿಫ್ಟಿಗೆ ಕೆಳಗ ಲಾಕ್ ಪಿನ್ ಅಥವಾ ಊರುಗೋಲು ಇರ್ತದ, ಗಾಡಿ ಎತ್ತಿದ ಪ್ರತಿ ಸಲ ಅದನ್ನ ಹಾಕಬೇಕು. ಲಿಫ್ಟ್ ತಾನೇ ರಿಪೇರಿಗೆ ಬಂದಾಗ ಗಾಡಿ ಇಳಿಸಿ, ಲಿಫ್ಟ್ ನೆಲಕ್ಕೆ ಕೂಡಿಸಿ, ಗಾಳಿ ಮ್ಯಾಲ ನಡೆಯೋದಾದರೆ ಕಂಪ್ರೆಸರಿನ ಗಾಳಿನೂ ಪೂರಾ ಬಿಟ್ಟು ಕೆಲಸಕ್ಕ ಕೈ ಹಚ್ಚಬೇಕು.

ರಿಪೇರಿ ಆದ ಮ್ಯಾಲ

ಪೈಪ್ ಬಿಚ್ಚಿ ಹಚ್ಚಿದ ಕಡೆ ಒಳಗ ಗಾಳಿ ಸೇರಿರ್ತದ. ಇಂಜಿನ್ ಚಾಲೂ ಮಾಡಿ ಕಡಿಮೆ ರೇಸಿನಾಗೇ, ಏನೂ ಭಾರ ಇಲ್ಲದೇ, ಐದಾರು ಸಲ ನಿಧಾನ ಎತ್ತಿ ಇಳಿಸಬೇಕು. ಆ ಹೊತ್ತಿನಾಗ ಹತ್ತಿರ ಯಾರೂ ನಿಲ್ಲಬಾರದು, ಗಾಳಿ ಇದ್ದಾಗ ತೋಳು ತಡೆದು ತಡೆದು ಜಿಗೀತದ. ಎಣ್ಣಿ ಮಟ್ಟ ನೋಡೋದು ಎಲ್ಲಾ ಕೆಳಗ ಇಳಿಸಿದ ಮ್ಯಾಲ.

ಪೈಪ್ ಹೊಸದು ಹಾಕೋದಾದರೆ, ಹೋಸ್ ಪೈಪ್ ಪ್ರೆಸ್ಸಿಂಗ್ ಅಂಗಡಿಯವರಿಗೂ ಗಿರಾಕಿಗೂ ಒಂದು ಮಾತು. ಅರ್ಧ ಇಂಚಿನ ಒನ್ ವೈರ್ ಪೈಪು ಸಾಮಾನ್ಯವಾಗಿ 160 ಬಾರ್ ತನಕ, ಅದೇ ಅಳತೆಯ ಟು ವೈರ್ ಪೈಪು 275 ಬಾರ್ ತನಕ ತಡೀತದ. ಎರಡೂ ಹೊರಗಿನಿಂದ ನೋಡಲಿಕ್ಕೆ ಒಂದೇ ತರಹದ ಕರಿ ರಬ್ಬರ್. ವ್ಯತ್ಯಾಸ ಗೊತ್ತಾಗೋದು ಮೈಮ್ಯಾಲ ಅಚ್ಚು ಹಾಕಿದ ಅಕ್ಷರದಿಂದ ಮತ್ತು ರೇಟಿನಿಂದ. ನೂರಿನ್ನೂರು ರೂಪಾಯಿ ಉಳೀತದ ಅಂತ ಜೆಸಿಬಿಗೆ ಒನ್ ವೈರ್ ಹಾಕಸಬ್ಯಾಡ್ರಿ. ಅಂಗಡಿಗೆ ಹೋಗುವಾಗ ಹಳೆ ಪೈಪಿನ ಅಕ್ಷರ ಇರೋ ತುಂಡು ಜೋಡಿ ಒಯ್ರಿ, ಬಿಲ್ಲಿನ ಮ್ಯಾಲ ಒನ್ ವೈರೋ ಟು ವೈರೋ ಬರೆಸಿಕೊಳ್ರಿ.